ಹೊರಳಿಸಿದವರ ಹೆಸರು

ಜಯಮ್ಮ ಸಿಸ್ಟರ್ ಟ್ಯಾಬಿನ ಪರದೆಯನ್ನು ಕಿರುಬೆರಳಿನಿಂದಷ್ಟೇ ಮುಟ್ಟುತ್ತಿದ್ದರು. ಉಳಿದ ಬೆರಳುಗಳಿಗೆ ಸದಾ ಮುಲಾಮು ಮೆತ್ತಿರುತ್ತಿತ್ತು. ಅಮ್ಮತ್ತಿ ಸಮೀಪದ ವೃದ್ಧರ ಆರೈಕೆ ಕೇಂದ್ರಕ್ಕೆ ಹೊಸ ಸಾಫ್ಟ್‌ವೇರ್ ಬಂದಾಗ ಅದನ್ನು ಕಲಿಸುವ ಕೆಲಸ ನನ್ನದಾಗಿತ್ತು. ಔಷಧಿ ಕೊಟ್ಟದ್ದು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದ್ದು, ಎಲ್ಲವನ್ನೂ ಮಾಡಿದವರೇ ತಮ್ಮ ಹೆಸರಿನಲ್ಲಿ ದಾಖಲಿಸಬೇಕಿತ್ತು. ಆದರೆ ಸಹಾಯಕಿ ಹುಡುಗಿಯರು ಸಿಸ್ಟರ ಲಾಗಿನ್ನಿನಲ್ಲೇ ಎಲ್ಲವನ್ನೂ ಹಾಕುತ್ತಿದ್ದರು. ದೊಡ್ಡವರಿರುವಾಗ ತಮ್ಮ ಹೆಸರು ಮುಂದೆ ಮಾಡುವುದು ಮರ್ಯಾದೆಯಲ್ಲವೆಂಬುದು ಅವರ ಭಾವನೆ. ಸಿಸ್ಟರೂ ನಕ್ಕು ಸುಮ್ಮನಿದ್ದರು.

ಒಂದು ದಿನ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರಾಗಿ ನಿವೃತ್ತರಾಗಿ, ಈಗ ಹಾಸಿಗೆ ಹಿಡಿದಿದ್ದ ಕುಶಾಲಪ್ಪಜ್ಜನ ಬೆನ್ನಿನಲ್ಲಿ, ಮಗ್ಗುಲು ಬದಲಿಸದಿದ್ದರೆ ಏಳುವಂಥ ಹುಣ್ಣು ಕಾಣಿಸಿತು. ಹಿಂದಿನ ವಾರವೆಲ್ಲ ಅವರನ್ನು ಹೊತ್ತುಹೊತ್ತಿಗೆ ಹೊರಳಿಸಿದ್ದು ಜಯಮ್ಮ ಎನ್ನುತ್ತಿತ್ತು ಪರದೆ. ಆ ವಾರ ಸಿಸ್ಟರ್ ರಜೆಯಲ್ಲಿದ್ದರು. ದಾಖಲೆ ಹಾಗೇ ಇರಲಿ, ಹುಣ್ಣು ವಯಸ್ಸಿನದೆಂದು ಅಜ್ಜನ ಮಗಳಿಗೆ ಹೇಳಿದರಾಯಿತು ಎಂದರು ಮ್ಯಾನೇಜರ್.

"ನಾನು ನಮ್ಮೂರು ಶಿರಂಗಾಲದಲ್ಲಿ ನಾಟಿ ಗದ್ದೇಲಿದ್ದೆ ಸಾರ್," ಎಂದರು ಸಿಸ್ಟರ್. "ಅಲ್ಲಿಂದ ಇಲ್ಲಿಗೆ ನನ್ನ ಕೈ ಎಟುಕಲ್ಲ."

ಸಹಾಯಕಿ ಸುಮತಿ ಅಳತೊಡಗಿದಳು. ಮಧ್ಯಾಹ್ನ ಇಡೀ ವಾರ್ಡಿಗೆ ಅವಳೊಬ್ಬಳೇ. ಮಾಡಲಾಗದ್ದಕ್ಕೂ ಗುರುತು ಹಾಕಿಬಿಟ್ಟಿದ್ದಳು. ಸಿಸ್ಟರ್ ಅವಳನ್ನು ಚೆನ್ನಾಗಿಯೇ ಬೈದರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು: "ಇವಳ ಹೆಸರು ಹಾಕಿ. ಇವಳೊಬ್ಬಳನ್ನೇ ಬಿಟ್ಟ ನಿಮ್ಮ ಹೆಸರೂ ಕೆಳಗೆ ಹಾಕಿ. ನಂದು ತೆಗೀಬೇಡಿ, ಹೆಸರು ಕೊಟ್ಟಿದ್ದು ನಾನೇ."

ಯಂತ್ರ ಕೊಂಡ ಮಾತ್ರಕ್ಕೆ ಸಂಸ್ಥೆಗಳು ಉತ್ತರದಾಯಿಗಳಾಗುವುದಿಲ್ಲ; ಸುಳ್ಳನ್ನು ಅಚ್ಚುಕಟ್ಟಾಗಿ ಜೋಪಾನ ಮಾಡಲೂ ಅದೇ ಯಂತ್ರ ಸಾಕು. ಸಿಸ್ಟರ್ ಅಂದೇ ಅಜ್ಜನ ಮಗಳಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಮಗಳು ಬಂದು ಆಡಳಿತ ಮಂಡಳಿಯವರ ಮುಂದೆ ಕೂತರು, ಉತ್ತರ ಸಿಗುವವರೆಗೆ ಏಳಲಿಲ್ಲ. ಮಧ್ಯಾಹ್ನದ ಪಾಳಿಗೆ ಇನ್ನೊಬ್ಬ ಸಹಾಯಕಿ ಬಂದಳು. ಎಲ್ಲರಿಗೂ ಅವರವರದೇ ಲಾಗಿನ್ ಆಯಿತು. ಹುಣ್ಣು ನಿಧಾನವಾಗಿ ಮಾಯಿತು.

ಅಜ್ಜನಿಗಂತೂ ಈ ಏರ್ಪಾಡು ಬಲು ಹಿಡಿಸಿತು. ಹೊರಳಿಸಿದಾಗಲೆಲ್ಲ, ತೋಟದಲ್ಲಿ ಹಾಜರಿ ಕೂಗಿದ ಹಳೆಯ ಗತ್ತಿನಲ್ಲಿ ಕೇಳುತ್ತಿದ್ದರು, "ಯಾರ ಹೆಸರಿಗೆ?"

ನಿವೃತ್ತಿಯ ದಿನ ಸಿಸ್ಟರ್ ಅಜ್ಜನನ್ನು ಹೊರಳಿಸಿ, ಕಿರುಬೆರಳಿನಿಂದ ಗುರುತು ಹಾಕಿ, ತಮ್ಮ ಲಾಗಿನ್ನನ್ನು ತಮ್ಮೆದುರೇ ಮುಚ್ಚಿಸಿದರು. "ಇಟ್ರೆ ನಾಳೆನೂ ನನ್ನ ಕೈಲೇ ಕೆಲ್ಸ ಮಾಡಿಸ್ತೀರ," ಎಂದು ನಕ್ಕು ಶಿರಂಗಾಲದ ಬಸ್ಸು ಹಿಡಿಯಲು ಹೊರಟರು.

ಮರುದಿನ ಮಧ್ಯಾಹ್ನ ಸುಮತಿ ಅಜ್ಜನ ಮಗ್ಗುಲು ಬದಲಿಸಿದಳು.

"ಯಾರ ಹೆಸರಿಗೆ?"

"ನಂದೇ ಅಜ್ಜ. ಸುಮತಿ."

ಅಜ್ಜ ತುಸು ಹೊತ್ತು ಬಾಗಿಲ ಕಡೆ ನೋಡಿದರು. "ಸರಿ, ಬರ್ಕೊ," ಎಂದು ದಿಂಬಿಗೆ ಕೆನ್ನೆಯಿಟ್ಟರು.