ತಾರಸಿಯ ಮೇಲೆ ಒಂದು ಕಿಲೋಮೀಟರ್

ಹೋದ ವಾರ ಹಡಪಸರದ ನನ್ನ ಆಫೀಸಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವರಲ್ಲಿ ಯಾರೋ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಬಂದಿದ್ದರು. ಆ ವಾಸನೆಗೆ, ಕಾಲಿಗೆ ಅದನ್ನೇ ತಿಕ್ಕಿಕೊಳ್ಳುತ್ತಿದ್ದ ನಮ್ಮ ಕೆಳಗಿನ ಮಹಡಿಯ ಕಾಕಾ ನೆನಪಾದರು.

ನಾನು ಎಂ.ಎ. ಓದುತ್ತಿದ್ದ ಕಾಲ. ಧಾರವಾಡದ ಕಡೆಯ ಕಾಕಾ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಹರೆಯದಲ್ಲಿ ದೂರದ ಓಟ ಓಡಿದವರು. ಹೃದಯಾಘಾತವಾದ ಮೇಲೆ ಅವರ ಹೆಂಡತಿ ಕಾಕು ಅವರನ್ನು ಗೇಟು ದಾಟಲು ಬಿಡುತ್ತಿರಲಿಲ್ಲ. ತಾರಸಿಯ ಮೇಲೆ ನಡೆಯಲಷ್ಟೇ ಅಪ್ಪಣೆ. ಕಾಕಾ ಅಲ್ಲಿ ಓಡುತ್ತಿದ್ದರು. ಜೇಬಿನಲ್ಲಿ ಇಪ್ಪತ್ತು ಹುಣಸೆಬೀಜ. ಸುತ್ತಿಗೊಂದರಂತೆ ನೀರಿನ ಟಾಕಿಯ ಕಟ್ಟೆಯ ಮೇಲಿಡುತ್ತಿದ್ದರು. ಬೀಜ ಮುಗಿದರೆ ಒಂದು ಕಿಲೋಮೀಟರ್. ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ನನ್ನದು.

ಫಿನ್ಲೆಂಡಿನ ಹಳೆಯ ಚಾಂಪಿಯನ್ ಒಬ್ಬನ ಕಥೆ ಹೇಳುತ್ತಿದ್ದದ್ದೂ ಅಲ್ಲೇ. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಏರಿನಲ್ಲಿ ಕೈಗಾಡಿ ತಳ್ಳಿ ಕಾಲು ಗಟ್ಟಿಮಾಡಿಕೊಂಡವನು. ಎದುರಾಳಿಗಳನ್ನು ಬಿಟ್ಟು ಅಂಗೈಯ ಗಡಿಯಾರವನ್ನೇ ನೋಡುತ್ತ ಓಡಿದವನು. ಕೊನೆಗೆ ಮ್ಯಾರಥಾನ್ ಓಡಬೇಕೆಂದಾಗ ಕ್ರೀಡಾ ಕಮಿಟಿಯವರು ಅವನನ್ನು ತಡೆದರು. ಇದರಲ್ಲಿ ಕಾಕಾ ಸೇರಿಸಿದ್ದೆಷ್ಟು, ನಾನು ಸೇರಿಸಿಕೊಂಡದ್ದೆಷ್ಟು... ಗಡಿಯಾರದ ಸಂಗತಿ ಮಾತ್ರ ಆಮೇಲೆ ಓದಿ ಖಚಿತಮಾಡಿಕೊಂಡೆ.

"ಅಂವಗ ಕಮಿಟಿ ಇತ್ತು, ನನಗ ನಿಮ್ಮ ಕಾಕು ಇದ್ದಾಳ," ಎನ್ನುತ್ತಿದ್ದರು.

ಅವರಿಗಿದ್ದದ್ದು ಒಂದೇ ಆಸೆ: ಸಾಸವಡದ ದಾರಿಯ ಘಾಟನ್ನು, ಆ ಬೆಟ್ಟದ ಏರನ್ನು, ಒಮ್ಮೆ ಓಡಿ ಹತ್ತಬೇಕು.

"ಡಾಕ್ಟರ್ ಏನಂದಾರ್ರಿ ಕಾಕಾ?"

"ಅವಗ ಘಾಟ್ ಹತ್ತಲಿಕ್ಕೆ ಬರಂಗಿಲ್ಲ, ಅದಕ್ಕ ಬ್ಯಾಡ ಅಂತಾನ."

ರವಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಘಾಟಿನ ಬುಡಕ್ಕೆ ಬಿಡುತ್ತೇನೆಂದು ಒಪ್ಪಿದೆ. ಶನಿವಾರ ಭಯವಾಯಿತು. ಕಾಕುಗೆ ಹೇಳಿಬಿಟ್ಟೆ. ಅವರೇ ಕೇಳಿದ್ದಕ್ಕೆ ಹೇಳಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ... ಆದರೆ ಅವರ ಅಡುಗೆಮನೆಯ ಹೊಸ್ತಿಲವರೆಗೆ ನಾನೇ ಇಳಿದುಹೋದದ್ದು ನೆನಪಿದೆ.

"ಛಲೋ ಮಾಡಿದಿ ತಮ್ಮಾ," ಎಂದರು ಕಾಕು. ಮರುದಿನ ತಾರಸಿಯ ಬಾಗಿಲಿಗೂ ಬೀಗ ಬಿತ್ತು.

ಕಾಕಾ ಬೈಯಲಿಲ್ಲ. ಸ್ಟಾಪ್‌ವಾಚ್ ತಂದು ನನ್ನ ಕೈಗಿಟ್ಟರು.

"ಇಟ್ಕೊ. ಕೂತಾಂವಗ ಇದು ಯಾಕ ಬೇಕು."

ಆಮೇಲೆ ಒಂಬತ್ತು ವರ್ಷ ಬದುಕಿದರು, ಬಾಲ್ಕನಿಯ ಕುರ್ಚಿಯಲ್ಲಿ. ಆ ವರ್ಷಗಳನ್ನು ನಾನೇ ಉಳಿಸಿಕೊಟ್ಟೆನೆಂದು ಕಾಕು ಎಲ್ಲರಿಗೂ ಹೇಳುತ್ತಿದ್ದರು. ಗೇಟು ದಾಟುವಾಗ ನಾನು ತಲೆ ಎತ್ತುತ್ತಿರಲಿಲ್ಲ.

ಲಿಫ್ಟಿನ ಬಾಗಿಲು ತೆರೆಯಲು ಅರ್ಧ ಗಂಟೆ ಹಿಡಿಯಿತು. ಮನೆಗೆ ಬಂದು ಸ್ಟಾಪ್‌ವಾಚ್ ಹುಡುಕಿ ತೆಗೆದೆ. ಕೀಲಿ ಕೊಟ್ಟರೆ ಮುಳ್ಳು ಈಗಲೂ ಓಡುತ್ತದೆ. ಓಡುವವರೇ ಇಲ್ಲ. ನಿಲ್ಲಿಸುವ ಗುಂಡಿಗೆ ನನ್ನ ಬೆರಳು ಹೋಗಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಹಿಡಿದು ಕೂತಿದ್ದೆ.