ಸಾತಿ ಅತ್ತೆಯ ತಂದೂರು ಮತ್ತು ಗುಂಡಿಯೊಳಗಿನ ಹೆಂಗಸು

ನಮ್ಮೂರಿನ ಯಾವ ಅಂಗಳಕ್ಕೆ ಹೋದರೂ ರೊಟ್ಟಿ ಬೇಯುವುದು ನನ್ನ ಅತ್ತೆ ಸಾತಿ ಕಟ್ಟಿದ ತಂದೂರು ಒಲೆಯಲ್ಲಿ. ಮಣ್ಣಿಗೆ ಮೇಕೆ ಕೂದಲು ಬೆರೆಸಿ ತುಳಿಯುತ್ತಾರೆ, ಒಂದು ಗೇಣು ಗೋಡೆ ಎಬ್ಬಿಸಿ ಆರಲು ಬಿಡುತ್ತಾರೆ, ಅದರ ಮೇಲೆ ಮತ್ತೊಂದು ಗೇಣು. ಪಿಸ್ತಾ ತೋಟದಾಚೆಯ ಗುಂಡಿಯ ಮಣ್ಣೇ ಆಗಬೇಕು. ಬೇರೆಯದು ಸೇರಿದರೆ ಉರಿಗೆ ಬಿರುಕು ಬಿಡುತ್ತದೆ. ಆ ಮಣ್ಣಿನಲ್ಲಿ ಉಗುರಿನಷ್ಟಗಲದ ಚೌಕ ಕಲ್ಲುಗಳು ಸಿಗುತ್ತವೆ. ಅವನ್ನೆಲ್ಲ ಆರಿಸಿ ಎಸೆದು, ನೀಲಿಯದೊಂದನ್ನು ಮಾತ್ರ ತಂದೂರಿನ ಬಾಯಂಚಿಗೆ ಹೆಬ್ಬೆರಳಲ್ಲಿ ಒತ್ತುತ್ತಾರೆ, ರೊಟ್ಟಿಗೆ ದೃಷ್ಟಿ ತಾಗಬಾರದೆಂದು.

ನಮ್ಮಲ್ಲಿ ಸೊಸೆಗೆ ಸ್ವಂತ ತಂದೂರು ಮೊದಲ ಮಗುವಾದ ಮೇಲೆಯೇ. ಅಲ್ಲಿಯತನಕ ಅತ್ತೆಯ ರೊಟ್ಟಿ ಮುಗಿದ ನಂತರ ಉಳಿದ ಕಾವಿನಲ್ಲಿ ಅವಳದು. ನನ್ನ ಮಗಳು ಬೆರ್ಫಿನ್ ಹುಟ್ಟಿದ ಮೇಲೆ ಅತ್ತೆ ನನ್ನದನ್ನು ಶುರುಮಾಡಿದರು. ಕೊನೆಯ ಸುತ್ತು ಬಾಕಿಯಿರುವಾಗ ಮಣ್ಣು ಮುಗಿಯಿತು.

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಗುಂಡಿಗೆ ಹೋದೆ. ಅತ್ತೆಯ ಗುದ್ದಲಿ ಗಟ್ಟಿಯಾದ ಯಾವುದಕ್ಕೋ ತಗುಲಿ ಜಾರಿತು. ಕೈಯಿಂದ ಮಣ್ಣು ಸರಿಸಿ ಒರೆಸಿದರೆ, ಒಬ್ಬ ಹೆಂಗಸಿನ ಕಣ್ಣು, ಹುಬ್ಬು, ನೀಲಿ ಹೊದಿಕೆಯ ಒಂದು ಮೂಲೆ. ಎಲ್ಲ ಆ ಚೌಕ ಕಲ್ಲುಗಳಿಂದಲೇ ಜೋಡಿಸಿದ ಚಿತ್ರ. ಹೊದಿಕೆಯ ಉಳಿದ ಭಾಗ ಇರಲಿಲ್ಲ.

"ಇವಳ ಹೊದಿಕೇನ ನಾನೇ ಕಿತ್ತು ಊರಿಗೆಲ್ಲ ಹಂಚಿದೀನಿ ಕಣೇ," ಎಂದರು ಅತ್ತೆ. ತಮ್ಮ ಮೇಲುಡುಪು ಬಿಚ್ಚಿ ಅವಳ ಮೇಲೆ ಹಾಸಿ ಮನೆಗೆ ಬಂದರು.

ಅವರ ಮೈದುನ ಜುಮಾ ಚಹಾ ಕುಡಿಯುತ್ತ ಕೂತಿದ್ದ, ವಿಷಯ ಕೇಳಿ ಹೇಳಿದ: "ರೋಮನ್ನರ ಕಾಲದ್ದಿರಬೇಕು ಅತ್ತಿಗೆ. ಮ್ಯೂಸಿಯಂನವ್ರಿಗೆ ಗೊತ್ತಾದ್ರೆ ಬೇಲಿ ಹಾಕ್ತಾರೆ. ಒಂದು ಹಿಡಿ ಮಣ್ಣೂ ಸಿಗಲ್ಲ. ಮುಚ್ಬಿಡಿ."

"ಮುಚ್ಚೋದ್ರಲ್ಲಿ ನೀನು ಗಟ್ಟಿಗ ಕಣಪ್ಪ. ಮದುವೆ ದಿನ ಬೋಳುತಲೆ ಮುಚ್ಚಿದ್ದೆಯಲ್ಲ, ಎಷ್ಟು ಹೊತ್ತು ನಡೀತು?" ನನ್ನ ಕಡೆ ತಿರುಗಿದರು. "ನೀನೇನಂತೀಯೆ?"

"ನಂಗೆ ತಂದೂರು ಬೇಕು ಅತ್ತೆ."

"ನಂಗೂ ಅದೇ ಆಸೆ. ಆದ್ರೆ ಇನ್ನೊಂದೇಟು ಹಾಕಿದ್ರೆ ಅವಳ ಕಣ್ಣಿಗೇ ಬೀಳುತ್ತೆ."

ಫೋನ್ ಮಾಡಿಸಿದರು. ಮ್ಯೂಸಿಯಂನವರು ಬಂದು ಬೇಲಿ ಹಾಕಿದರು. ಕೆಲಸದ ಮುಖ್ಯಸ್ಥೆ ತುಲಾಯ್ ಎಂಬ ಹುಡುಗಿ. ಇಲ್ಲಿದ್ದ ನೀಲಿ ಕಲ್ಲುಗಳೆಲ್ಲ ಎಲ್ಲಿ ಎಂದು ಅವಳು ಕೇಳಿದಾಗ ಅತ್ತೆ ಊರಿನ ತಂದೂರುಗಳ ಹೊಗೆಯ ಕಡೆ ಗದ್ದ ಎತ್ತಿ ತೋರಿಸಿದರು.

"ಒಂದೊಂದು ಮನೆ ತಂದೂರಲ್ಲಿ ಒಂದೊಂದಿದೆ ಮಗಳೇ. ಕೀಳೋಕೆ ಹೋದ್ರೆ ಹೆಂಗಸ್ರು ನಿನ್ನನ್ನೇ ಒಳಗೆ ಹಾಕಿ ಬೇಯಿಸ್ತಾರೆ. ನನ್ನದು ಮಾತ್ರ ಕೊಡ್ತೀನಿ."

ತಮ್ಮ ತಂದೂರಿನದನ್ನು ಮೊಳೆಯಿಂದ ಮೀಟಿದಾಗ ಕಲ್ಲಿನ ಜೊತೆಗೆ ಬಾಯಂಚಿನ ಒಂದು ಹೋಳೇ ಎದ್ದು ಬಂತು, ಬಿರುಕು ಕೆಳತನಕ ಇಳಿಯಿತು. ಇನ್ನು ಅದರಲ್ಲಿ ಬೆಂಕಿ ಹಾಕುವಂತಿರಲಿಲ್ಲ. ಅತ್ತೆ ಕಲ್ಲನ್ನು ತೊಳೆದು ತುಲಾಯ್ ಕೈಗಿಟ್ಟರು.

ನನ್ನ ತಂದೂರಿನ ಅಂಚು ಒಣಗದಂತೆ ದಿನಾ ಒದ್ದೆ ಬಟ್ಟೆ ಹೊದಿಸುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಬೇಲಿಯ ಹತ್ತಿರ ನಿಂತು ನೋಡಿದರು: ಒಳಗೆ ಮಣ್ಣನ್ನೆಲ್ಲ ಜರಡಿ ಹಿಡಿದು, ಕಲ್ಲು ಆರಿಸಿ, ಪಕ್ಕಕ್ಕೆ ಸುರಿಯುತ್ತಿದ್ದಾರೆ.

"ಆ ರಾಶಿ ಏನ್ಮಾಡ್ತೀರಿ?"

"ಅದರಲ್ಲಿನ್ನೇನಿಲ್ಲ ಅಮ್ಮ, ಎಸೀತೀವಿ," ಎಂದಳು ತುಲಾಯ್. ಅತ್ತೆ ಅದನ್ನು ಕೇಳಿದ್ದಕ್ಕೆ, ಮೇಲಿನವರ ಒಪ್ಪಿಗೆ ಪಡೆದು ಕತ್ತೆ ಹೊರುವಷ್ಟು ಕೊಟ್ಟಳು.

"ಜನ್ಮವೆಲ್ಲ ಕಲ್ಲಾರಿಸಿ ನನ್ನ ಕಣ್ಣು ಹೋಯ್ತು. ಈಗ ಸರ್ಕಾರವೇ ಕೂತು ಆರಿಸಿಕೊಡ್ತಿದೆ," ಎಂದು ಅತ್ತೆ ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕರು.

ಕೊನೆಯ ಸುತ್ತು ಎದ್ದಿತು. ಅಭ್ಯಾಸಬಲದಿಂದ ಅಂಚಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯನ್ನು ಜೇಬಿಗೆ ಹಾಕಿದರು. ಕಲ್ಲಿರಲಿಲ್ಲ. ಕುಳಿಯನ್ನು ಸವರಿ ಮುಚ್ಚಲು ಹೊರಟಾಗ ಕೈ ಹಿಡಿದೆ.

"ಇರಲಿ ಬಿಡಿ ಅತ್ತೆ."

"ದೃಷ್ಟಿಗೇನು ಮಾಡ್ತೀಯೆ?"

"ತಾಗಿದ್ರೆ ನಿಮ್ಮನ್ನೇ ಕರೀತೀನಿ."

ಮೊದಲ ಸಲ ಬೆಂಕಿ ಹಾಕಿದ ದಿನ ಅತ್ತೆ ತಮ್ಮ ಹಿಟ್ಟಿನ ಬೋಗುಣಿ ತಂದು, ಬೆರ್ಫಿನ್‌ಳನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನ ರೊಟ್ಟಿ ಮುಗಿಯುವತನಕ ಕಾದು ಕೂತರು.