ಅಳಿಸದೆ ರಿಪೇರಿ ಮಾಡುವ ನಿಧಾನಕ್ಕ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಬೀದಿದೀಪಗಳು ಇನ್ನೂ ಆರಿಲ್ಲ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೇಂದ್ರವೊಂದರ ಮಹಡಿಯಲ್ಲಿ, ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಹೊದಿಸಿದ ಪುಟ್ಟ ಕೋಣೆ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಒಂದರ ಹಿಂದೊಂದು ಎರಡು ಬಾಗಿಲು. ಒಳಗೆ ಐವತ್ತನಾಲ್ಕರ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತು, ಕಂಪ್ಯೂಟರಿನ ಡಬ್ಬಿಯತ್ತ ತಲೆ ವಾಲಿಸಿ, ಕಣ್ಣು ಮುಚ್ಚಿದ್ದಾರೆ. ಮೈಯೆಲ್ಲ ಕಿವಿಯಾಗಿದೆ. ಸ್ಕ್ರೂಡ್ರೈವರ್ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ.

"ಟೀಚರಮ್ಮ, ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ. ದಿನಾ ಬಂದು ಹೇಗೆ ಶುರು ಮಾಡ್ತೀರೋ ಹಾಗೇ ಮಾಡಿ" ಎನ್ನುತ್ತಾರೆ.

ಮಕ್ಕಳ ಕಿವಿ ಪರೀಕ್ಷಿಸುವ ಟೀಚರಮ್ಮ ಬ್ಯಾಗನ್ನು ಕೆಳಗಿಟ್ಟು, ಕನ್ನಡಕ ಒರೆಸಿ, ಗುಂಡಿ ಒತ್ತುತ್ತಾರೆ. ಪರದೆ ಬೆಳಗುತ್ತದೆ. ಎರಡೇ ಬೆರಳಲ್ಲಿ ಪಾಸ್‌ವರ್ಡ್ ಕುಟ್ಟುತ್ತಾರೆ. ಸ್ಟೂಲಿನ ಮೇಲಿದ್ದವರು ಮೆಲ್ಲಗೆ ಎಣಿಸತೊಡಗುತ್ತಾರೆ. ಒಂದು, ಎರಡು, ಮೂರು... ಹನ್ನೊಂದಕ್ಕೆ ಪರದೆಯೆಲ್ಲ ನೀಲಿಯಾಗಿ, ಯಂತ್ರ ತಾನಾಗಿಯೇ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ.

"ನೋಡಿದ್ರಾ? ನಿನ್ನೆಯಿಂದ ಇದೇ ಆಟ. ಬನ್ನಿ ಬನ್ನಿ ಅಂತ ಕರೆಯುತ್ತೆ, ಹೊಸ್ತಿಲು ದಾಟಿದ್ರೆ ಕತ್ತು ಹಿಡಿದು ಆಚೆಗೆ ದಬ್ಬುತ್ತೆ!"

"ಇನ್ನೊಂದು ಸಲ ಮಾಡಿ."

"ಅಯ್ಯೋ, ಹದಿನೇಳು ಸಲ ಆಯ್ತಲ್ಲ!"

"ನಿಮಗೆ ಹದಿನೇಳು ಟೀಚರಮ್ಮ. ನನಗೆ ಒಂದೇ."

ಇದಕ್ಕೇ ಊರಿನ ಮಂದಿ ಇವರನ್ನು ನಿಧಾನಕ್ಕ ಎಂದು ಕರೆಯುತ್ತಾರೆ. ಕರೆಯುವಾಗ ಅರ್ಧ ಪ್ರೀತಿ, ಅರ್ಧ ಗೇಲಿ. "ನಿಧಾನಕ್ಕನ್ನ ಕರೆದ್ರೆ ಹೊತ್ತು ಮುಳುಗಿದ ಹಾಗೇ" ಎಂದು ಎದುರಿಗೇ ಅಂದವರೂ ಉಂಟು. ಇವರು ಬೇಸರಿಸಿಕೊಳ್ಳುವುದಿಲ್ಲ. ಇಪ್ಪತ್ತಮೂರು ವರ್ಷದಿಂದ ಕೆಟ್ಟ ಕಂಪ್ಯೂಟರುಗಳ ಎದುರು ಕೂತವರಿಗೆ ಇನ್ನೊಬ್ಬರ ಅವಸರ ಕೇಳಿ ಕೇಳಿ ಅಭ್ಯಾಸವಾಗಿದೆ.

ಇವತ್ತಿನ ಅವಸರ ಮಾತ್ರ ಸುಮ್ಮನೆ ಬಂದದ್ದಲ್ಲ. ಈ ಕಂಪ್ಯೂಟರಿನಲ್ಲಿ ಒಂಬತ್ತು ವರ್ಷದಿಂದ ಬಂದುಹೋದ ಇನ್ನೂರ ಹನ್ನೆರಡು ಮಕ್ಕಳ ಕಿವಿಯ ಲೆಕ್ಕವಿದೆ. ಯಾವ ಮಗುವಿಗೆ ಯಾವ ಕಿವಿಯಲ್ಲಿ ಎಷ್ಟು ಸದ್ದು ಬೇಕು, ಯಾವ ಸದ್ದು ಜಾಸ್ತಿಯಾದರೆ ನೋಯುತ್ತದೆ ಎಂಬುದೆಲ್ಲ ಅದರಲ್ಲೇ. ಒಂಬತ್ತೂವರೆಗೆ ಆರು ವರ್ಷದ ಹುಡುಗಿಯೊಬ್ಬಳು ಅಮ್ಮನ ಜೊತೆ ಬರಲಿದ್ದಾಳೆ. ಅವಳ ಶ್ರವಣಯಂತ್ರಗಳು ನೀರಿಗೆ ಬಿದ್ದು ಹಾಳಾಗಿ ನಲವತ್ತು ದಿನವಾಗಿದೆ. ಹೊಸ ಜೋಡಿ ಬಂದು ಮೇಜಿನ ಮೇಲೆ ಕೂತಿದೆ; ಅದಕ್ಕೆ ಹಳೆಯ ಲೆಕ್ಕ ತುಂಬಬೇಕು. ಆ ಲೆಕ್ಕ ಸಿಗದಿದ್ದರೆ ಮೊದಲಿಂದ ಪರೀಕ್ಷೆ, ಅದಕ್ಕೆ ಮೂರು ನಾಲ್ಕು ಸಲ ಕೂರಬೇಕು, ಅವಳ ಮುಂದಿನ ಸರದಿ ಬರುವುದು ಎರಡು ತಿಂಗಳಿಗೆ.

"ಮಾತು ಕಲಿಯೋ ವಯಸ್ಸು ಅದು" ಎನ್ನುತ್ತಾರೆ ಟೀಚರಮ್ಮ. "ಈ ನಲವತ್ತು ದಿನದಲ್ಲೇ ಐದಾರು ಮಾತು ಮರೆತಿದ್ದಾಳಂತೆ. ನಿನ್ನೆ ಬಂದ ರಿಪೇರಿಯವನು ನೋಡಿದ ತಕ್ಷಣ ಫಾರ್ಮ್ಯಾಟ್ ಮಾಡಿಬಿಡೋಣ ಅಂದ. ಮಾಡಿದ್ರೆ ಒಳಗಿರೋದು ಏನಾಗುತ್ತೆ ಅಂದೆ. ಹೋಗುತ್ತೆ ಅಂದ. ಬೇಡಪ್ಪ, ನೀನೇ ಹೋಗು ಅಂದೆ."

ನಿಧಾನಕ್ಕ ನಗುತ್ತಾರೆ. "ನೆಗಡಿ ಬಂತು ಅಂತ ಮೂಗು ಕೊಯ್ಯೋರು ಬಹಳ ಜನ ಇದ್ದಾರೆ ಟೀಚರಮ್ಮ."

ಈಗ ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸುತ್ತಾರೆ. ಅಂದರೆ ತೀರಾ ಬೇಕಾದ ಕೆಲಸಗಳನ್ನಷ್ಟೇ ಮಾಡು, ಉಳಿದದ್ದೆಲ್ಲ ಮಲಗಿರಲಿ ಎಂದು ಹೇಳಿ ಎಬ್ಬಿಸುವುದು. ಪಾಸ್‌ವರ್ಡ್ ಹಾಕಿದ ಮೇಲೆ ಎಣಿಕೆ ಹನ್ನೊಂದು ದಾಟುತ್ತದೆ, ಇಪ್ಪತ್ತು ದಾಟುತ್ತದೆ. ಯಂತ್ರ ಬೀಳುವುದಿಲ್ಲ. ಟೀಚರಮ್ಮ ಕುರ್ಚಿಯಿಂದ ಎದ್ದೇ ಬಿಡುತ್ತಾರೆ.

"ಸರಿಹೋಯ್ತಾ?"

"ಇಲ್ಲ. ಒಳಗೆ ಹೋಗೋಕೆ ದಾರಿ ಸಿಕ್ಕಿದೆ ಅಷ್ಟೇ. ಮೊದಲು ಸಾಮಾನು ಆಚೆ ಸಾಗಿಸೋಣ, ಆಮೇಲೆ ಮನೆ ರಿಪೇರಿ."

ಚೀಲದಿಂದ ಅಂಗೈಯಗಲದ ಡಿಸ್ಕೊಂದು ಹೊರಬರುತ್ತದೆ. ಇನ್ನೂರ ಹನ್ನೆರಡು ಮಕ್ಕಳ ಲೆಕ್ಕ ಒಂದೊಂದಾಗಿ ಅದಕ್ಕೆ ನಕಲಾಗತೊಡಗುತ್ತದೆ. ಉಳಿದ ಸಮಯ ಐವತ್ತು ನಿಮಿಷ ಎಂದು ಪರದೆ ಹೇಳುತ್ತದೆ. ಟೀಚರಮ್ಮ ಗೋಡೆ ಗಡಿಯಾರ ನೋಡುತ್ತಾರೆ. ಬೆಳಗ್ಗೆ ಕೇಂದ್ರದ ಬಾಗಿಲು ತೆಗೆದುಕೊಟ್ಟಿದ್ದ ಆಯಮ್ಮ ಎರಡು ಲೋಟ ಟೀ ಇಟ್ಟು, "ಅಕ್ಕ, ನಿಮ್ಮ ಕೈಗೆ ಸಿಕ್ಕಿದ ಮೇಲೆ ಗಡಿಯಾರಾನೂ ಮೆಲ್ಲಗೆ ನಡೆಯುತ್ತೆ ನೋಡಿ" ಎಂದು ಚುಚ್ಚಿ ಹೋಗುತ್ತಾರೆ.

ನಿಧಾನಕ್ಕನ ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು. ಯಾವ ಅಕ್ಷರ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನು ಪಕ್ಕದ ಕೋಣೆಯಲ್ಲಿ ಕೂತೇ ಹೇಳುತ್ತಿದ್ದರಂತೆ. ಟೈಪ್‌ರೈಟರುಗಳು ಗುಜರಿ ಸೇರಿದ ಮೇಲೆ ಅಪ್ಪನ ಅಂಗಡಿ ಮುಚ್ಚಿತು. ಮಗಳು ಮೂವತ್ತೊಂದನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು, ಕಂಪ್ಯೂಟರ್ ರಿಪೇರಿ ತರಗತಿಗೆ ಸೇರಿದರು. ಸಹಪಾಠಿಗಳೆಲ್ಲ ಹದಿನೆಂಟರ ಹುಡುಗರು. "ಆಂಟಿ, ದಾರಿ ತಪ್ಪಿ ಬಂದ್ರಾ, ಹೊಲಿಗೆ ಕ್ಲಾಸು ಕೆಳಗಿದೆ" ಎಂದಿದ್ದನಂತೆ ಒಬ್ಬ. "ಅವನು ಈಗಲೂ ಫೋನ್ ಮಾಡ್ತಾನೆ, ಕೈಸೋತಾಗ" ಎನ್ನುತ್ತಾರೆ.

ದಿನಕ್ಕೆ ನಾಲ್ಕೈದು ಯಂತ್ರ. ಕಚೇರಿಗಳ ಕೆಲಸ ಶುರುವಾಗುವ ಮೊದಲೇ ಮುಗಿಯಬೇಕಾದ್ದರಿಂದ ಐದಕ್ಕೆ ಸ್ಕೂಟರ್ ಹೊರಡುತ್ತದೆ. ಕಾಯಿಲೆಗಳ ಲೆಕ್ಕವನ್ನು ಕೇಳಿದರೆ ಬೆರಳು ಮಡಚುತ್ತಾರೆ. "ಹತ್ತು ಮಿಷಿನ್ ಕೆಟ್ಟಿದೆ ಅಂದ್ರೆ ಆರಕ್ಕೆ ಬರೀ ಧೂಳು. ಎರಡಕ್ಕೆ ವೈರು ಸಡಿಲ. ಒಂದಕ್ಕೆ ನಿಜವಾದ ಕಾಯಿಲೆ. ಇನ್ನೊಂದರಲ್ಲಿ ಮಿಷಿನ್ ನೆಟ್ಟಗಿರುತ್ತೆ, ಮನುಷ್ಯರು ಜಗಳ ಆಡಿ ಬಂದಿರ್ತಾರೆ."

ಹಾಗೆಂದು ಇವರು ಹುಟ್ಟಾ ನಿಧಾನದವರಲ್ಲ. ಮೊದಲ ಎರಡು ವರ್ಷ ಇವರಷ್ಟು ಚುರುಕಿನವರೇ ಇರಲಿಲ್ಲ. ಬಂದರು, ಅಳಿಸಿದರು, ಹೊಸದಾಗಿ ತುಂಬಿದರು, ಹೋದರು. ಆಗೊಮ್ಮೆ ವಯಸ್ಸಾದವರೊಬ್ಬರ ಮನೆಯ ಕಂಪ್ಯೂಟರನ್ನು ಹೀಗೇ ಮುಕ್ಕಾಲು ಗಂಟೆಯಲ್ಲಿ ಹೊಸದರಂತೆ ಮಾಡಿಕೊಟ್ಟರು. ಅವರು ಹುಡುಕಿದರು, ಮತ್ತೆ ಹುಡುಕಿದರು. ತೀರಿಕೊಂಡ ಹೆಂಡತಿ ಕಾಯಿಲೆಯಿಂದ ಮಲಗಿದ್ದಾಗ, ಒಲೆ ಹಚ್ಚಲೂ ಬಾರದ ಗಂಡನಿಗಾಗಿ ಹೇಳಿಟ್ಟಿದ್ದ ಇಪ್ಪತ್ತಮೂರು ಧ್ವನಿಮುದ್ರಣಗಳು ಅದರಲ್ಲಿದ್ದವು. ನೀರೆಷ್ಟು, ಉಪ್ಪೆಷ್ಟು, ಉರಿ ಯಾವಾಗ ಇಳಿಸಬೇಕು.

"ಅವರು ಬಯ್ಯಲಿಲ್ಲ" ಎನ್ನುತ್ತಾರೆ ನಿಧಾನಕ್ಕ, ನಕಲಾಗುತ್ತಿರುವ ಫೈಲುಗಳ ಮೇಲಿಂದ ಕಣ್ಣು ತೆಗೆಯದೆ. "ಬೈದಿದ್ರೆ ಚೆನ್ನಾಗಿತ್ತು. 'ಹೋಗ್ಲಿ ಬಿಡಮ್ಮ, ಅರ್ಧ ಅಂತೂ ಬಾಯಿಪಾಠ ಆಗಿದೆ' ಅಂದ್ರು. ಆವತ್ತಿಂದ ನಾನು ಕೇಳದೆ ಒಂದು ಅಕ್ಷರ ಅಳಿಸಿಲ್ಲ. ಯಾರದ್ದು ಏನಿರುತ್ತೋ ಒಳಗೆ, ನಮಗೇನು ಗೊತ್ತು?"

ಏಳೂ ನಲವತ್ತಕ್ಕೆ ನಕಲು ಮುಗಿಯುತ್ತದೆ. ಈಗ ಸ್ಕ್ರೂಡ್ರೈವರ್ ಹೊರಬರುತ್ತದೆ. ಪಕ್ಕದ ತಗಡು ಕಳಚಿ, ಬ್ರಷ್ಷಿನಿಂದ ಧೂಳು ಕೊಡವಿ, ರ್ಯಾಮ್ ಎಂದು ಕರೆಯುವ ಹಸಿರು ಪಟ್ಟಿಗಳೆರಡರಲ್ಲಿ ಒಂದನ್ನು ಮೆತ್ತಗೆ ಕೀಳುತ್ತಾರೆ. ಯಂತ್ರ ಕೆಲಸ ಮಾಡುವಾಗ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಇವುಗಳಲ್ಲೇ. ಒಂದೇ ಪಟ್ಟಿಯಲ್ಲಿ, ಈ ಸಲ ಮಾಮೂಲಿನಂತೆಯೇ ಯಂತ್ರ ಹೊತ್ತಿಸುತ್ತಾರೆ. ಹತ್ತು, ಹನ್ನೊಂದು, ಹನ್ನೆರಡು... ಪರದೆ ನೀಲಿಯಾಗದೆ ನಿಲ್ಲುತ್ತದೆ. ಅದರ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಸಾವಿರಾರು ಪುಟ್ಟ ಚಿತ್ರಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ.

ಟೀಚರಮ್ಮ ಚಪ್ಪಾಳೆ ತಟ್ಟುವಷ್ಟರಲ್ಲಿ ನಿಧಾನಕ್ಕ ಯಂತ್ರ ಆರಿಸಿದ್ದಾರೆ. ಕಿತ್ತ ಪಟ್ಟಿಯ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಅದೇ ಜಾಗಕ್ಕೆ ಒತ್ತಿ ಕೂರಿಸುತ್ತಾರೆ. ಮತ್ತೆ ಹೊತ್ತಿಸಿದರೆ, ಎಣಿಕೆ ಹನ್ನೊಂದಕ್ಕೆ ಸರಿಯಾಗಿ ನೀಲಿ ಪರದೆ.

"ಸರಿಹೋಗಿತ್ತಲ್ರೀ! ಮತ್ತೆ ಯಾಕೆ ಅದನ್ನ ಹಾಕಿದ್ರಿ? ಗಂಟೆ ನೋಡಿ!"

"ಬರೀ ಕೊಳೆ ಕೂತಿತ್ತಾ, ಪಟ್ಟಿಯೇ ಹೋಗಿದೆಯಾ ಅಂತ ತಿಳೀಬೇಕಲ್ಲ. ಕೊಳೆಯಾಗಿದ್ರೆ ಉಜ್ಜಿದ್ದಕ್ಕೆ ಹೋಗ್ತಿತ್ತು. ಇದು ಪಟ್ಟಿಯದ್ದೇ ತೊಂದರೆ." ಯಂತ್ರ ಆರಿಸಿ, ಪಟ್ಟಿಯನ್ನು ಮತ್ತೆ ಕಿತ್ತು ಬೆಳಕಿಗೆ ಹಿಡಿಯುತ್ತಾರೆ. "ಒಂದು ಮನೆ ಅಂದ್ಕೊಳ್ಳಿ. ಹಿಂದಿನ ಕೋಣೇಲಿ ನೆಲದ ಹಲಗೆ ಒಂದು ಮುರಿದಿದೆ. ಮನೇಲಿ ಇಬ್ಬರೇ ಇದ್ರೆ ಯಾರೂ ಆ ಕಡೆ ಹೋಗಲ್ಲ, ಗೊತ್ತೂ ಆಗಲ್ಲ. ಮನೆ ತುಂಬ ನೆಂಟರು ಬಂದ್ರೋ, ಯಾರೋ ಒಬ್ಬರ ಕಾಲು ಆ ಹಲಗೆ ಮೇಲೆ ಬಿದ್ದೇ ಬೀಳುತ್ತೆ. ನೀವು ಪಾಸ್‌ವರ್ಡ್ ಹಾಕಿದ ಕೂಡಲೇ ನೆಂಟರು ನುಗ್ತಾರೆ. ಅದಿರಲಿ, ಇಷ್ಟೊಂದು ನೆಂಟರು ಯಾಕೆ ನಿಮಗೆ?"

ನೆಂಟರೆಂದರೆ ಪರದೆಯ ಮೇಲಿನ ಆ ಪುಟ್ಟ ಚಿತ್ರಗಳು. ಒಟ್ಟು ನಾಲ್ಕು ಸಾವಿರದ ಮುನ್ನೂರು. ಒಂಬತ್ತು ವರ್ಷದಲ್ಲಿ ಟೀಚರಮ್ಮ ಯಾವ ಫೈಲನ್ನೂ ಫೋಲ್ಡರಿನ ಒಳಗಿಟ್ಟಿಲ್ಲ, ಎಲ್ಲವೂ ಡೆಸ್ಕ್‌ಟಾಪಿನ ಮೇಲೆ. ತರಗತಿಯಲ್ಲೂ ಅವರ ಪದ್ಧತಿ ಅದೇ: ಕಪಾಟಿಗೆ ಬಾಗಿಲಿಲ್ಲ, ಆಟಿಕೆಗಳಿಗೆ ಪೆಟ್ಟಿಗೆಯಿಲ್ಲ.

"ನಮ್ಮ ಮಕ್ಕಳಿಗೆ ಕಣ್ಣಿಗೆ ಕಾಣದ್ದು ಇಲ್ಲದ್ದೇ ಸಮ ಅಕ್ಕ" ಎಂದು ಟೀಚರಮ್ಮ ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಾರೆ. "ಅವರ ಜೊತೆ ಇದ್ದೂ ಇದ್ದೂ ನನಗೂ ಹಾಗೇ ಆಗಿದೆ. ಒಳಗಿಟ್ರೆ ಎಲ್ಲಿ ಕಳೆದುಹೋಗುತ್ತೋ ಅಂತ ಭಯ."

ನಿಧಾನಕ್ಕ ಈ ಮಾತಿಗೆ ನಗುವುದಿಲ್ಲ. ಉಳಿದ ಒಂದೇ ಪಟ್ಟಿಯಲ್ಲಿ ಯಂತ್ರ ಹೊತ್ತಿಸಿ, ಮಗುವಿಗೊಂದರಂತೆ ಫೋಲ್ಡರ್ ಮಾಡಿ, ಪ್ರತಿಯೊಂದರ ಮೇಲೂ ಆ ಮಗುವಿನ ಫೋಟೋ ಅಂಟಿಸುವುದನ್ನು ಹೇಳಿಕೊಡುತ್ತಾರೆ. "ಈಗ ಮುಖ ಕಾಣುತ್ತೆ, ಲೆಕ್ಕ ಅದರ ಹಿಂದೆ ಇರುತ್ತೆ. ಮೊದಲು ಇವತ್ತು ಬರೋ ಮಗೂದು ಮಾಡೋಣ." ಕೆಟ್ಟ ಪಟ್ಟಿಯನ್ನು ಕಾಗದದಲ್ಲಿ ಸುತ್ತಿಡುತ್ತಾರೆ. ಹೊಸದನ್ನು ನಾಳೆ ತರುತ್ತಾರೆ. ಅಲ್ಲಿಯವರೆಗೆ ಒಂದೇ ಪಟ್ಟಿಯಲ್ಲಿ ಯಂತ್ರ ಕುಂಟುತ್ತಲಾದರೂ ನಡೆಯುತ್ತದೆ. ಎಂಟೂ ಐವತ್ತಕ್ಕೆ ತಗಡು ಮುಚ್ಚಿ ನಾಲ್ಕು ಸ್ಕ್ರೂ ಬಿಗಿಯುತ್ತಾರೆ.

ಒಂಬತ್ತೂಕಾಲಿಗೇ ತಾಯಿ ಮಗಳು ಬಂದಿದ್ದಾರೆ. ಮೊದಲ ಬಸ್ಸು ಹಿಡಿದು ನಾಲ್ಕು ಗಂಟೆ ಪ್ರಯಾಣ. ಹುಡುಗಿ ಯಾರ ಮುಖವನ್ನೂ ನೋಡದೆ ಅಮ್ಮನ ಸೆರಗಿನ ಅಂಚು ಸುತ್ತುತ್ತಾ ನಿಂತಿದ್ದಾಳೆ. ಟೀಚರಮ್ಮ ಅವಳ ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಎರಡು ಬಾಗಿಲೂ ಮುಚ್ಚುತ್ತವೆ.

ನಿಧಾನಕ್ಕ ಹೆಲ್ಮೆಟ್ ಕೈಯಲ್ಲಿ ಹಿಡಿದು ಹಜಾರದಲ್ಲೇ ನಿಲ್ಲುತ್ತಾರೆ. ಮುಂದಿನ ರಿಪೇರಿಯ ಮನೆಯವರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ. ಆದರೂ ಹೋಗುವುದಿಲ್ಲ. ಯಂತ್ರ ಮತ್ತೆ ಕೈಕೊಟ್ಟರೆ?

ಮುಕ್ಕಾಲು ಗಂಟೆಗೆ ಬಾಗಿಲು ತೆರೆಯುತ್ತದೆ. ಹುಡುಗಿ ಮೊದಲು ಹೊರಬರುತ್ತಾಳೆ. ಎರಡು ಹೆಜ್ಜೆ ಇಟ್ಟವಳು ಗಕ್ಕನೆ ನಿಂತು ಕಾಲ ಕೆಳಗೆ ನೋಡುತ್ತಾಳೆ. ಇನ್ನೊಂದು ಹೆಜ್ಜೆ ಜೋರಾಗಿ ಇಡುತ್ತಾಳೆ. ಟಪ್. ಮತ್ತೊಂದು. ಟಪ್. ತನ್ನದೇ ಚಪ್ಪಲಿಯ ಸದ್ದು! ಹಜಾರದ ಉದ್ದಕ್ಕೂ ಕುಣಿಯತೊಡಗುತ್ತಾಳೆ. "ಹಾಕಮ್ಮ, ಇನ್ನೂ ಜೋರಾಗಿ ಹಾಕು!" ಎನ್ನುತ್ತಾ ಅವಳಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ಹಿಂದೆಯೇ ಬಂದ ಟೀಚರಮ್ಮ, ಸ್ನಾನದ ಹೊತ್ತಿಗೆ ಯಂತ್ರ ತೆಗೆದಿಡಿ, ಬ್ಯಾಟರಿ ವಾರಕ್ಕೊಮ್ಮೆ ನೋಡಿ, ಬಲಗಿವಿ ಹತ್ತಿರ ಹೆಚ್ಚು ಮಾತಾಡಿ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಮೂವರೂ ನಿಧಾನಕ್ಕನ ಮುಂದೆಯೇ ಹಾದು, ಮಾತಾಡುತ್ತಲೇ ಮೆಟ್ಟಿಲಿಳಿಯುತ್ತಾರೆ.

ಆಯಮ್ಮನಿಗೆ ತಡೆಯಲಾಗುವುದಿಲ್ಲ. "ಏನಕ್ಕ ಇದು! ಮುಂಜಾನೆ ಎದ್ದು ಬಂದು ಇಷ್ಟೊತ್ತು ಹೆಣಗಿದ್ದೀರಿ. ಒಬ್ಬರೂ ನಿಮ್ಮ ಕಡೆ ತಿರುಗೂ ನೋಡಲಿಲ್ಲ. ಟೀಚರಮ್ಮ ಮರೆತೇಬಿಟ್ರಲ್ಲ!"

"ಶ್... ಕೇಳಿಸ್ಕೊಳ್ಳಿ ಆಯಮ್ಮ." ನಿಧಾನಕ್ಕ ಮೆಟ್ಟಿಲ ಕಡೆ ಕಿವಿಗೊಡುತ್ತಾರೆ. "ಬ್ಯಾಟರಿ ವಿಷ್ಯ ಆಯ್ತು, ಬಸ್ಸಿನ ವಿಷ್ಯ ಆಯ್ತು, ಮಗು ವಿಷ್ಯ ಅಂತೂ ಮುಗೀತಾನೇ ಇಲ್ಲ. ಒಬ್ಬರಾದ್ರೂ ಕಂಪ್ಯೂಟರ್ ಹೆಸರು ಎತ್ತಿದ್ರಾ? ಎತ್ತಲಿಲ್ಲ ಅಲ್ವಾ? ಹಾಗಾದ್ರೆ ನನ್ನ ಕೆಲ್ಸ ಚೆನ್ನಾಗೇ ಆಗಿದೆ."